ಏಳಕ್ಕೇ ನಾಯಿಮರಿಯ ನೀರಿನ ಬಟ್ಟಲು ಎತ್ತಿಟ್ಟರೂ ರಾತ್ರಿ ಮೂರು ಸಲ ಒದ್ದೆ, ಎಲ್ಲಿ ತಪ್ಪುತ್ತಿದ್ದೀನಿ?

ಮೂರನೇ ಮಹಡಿ:

ಬೆಳಗಿನ ಜಾವ ಮೂರೂವರೆಗೆ ಬರೀತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಈಗಷ್ಟೇ ಎರಡನೇ ಸಲ ಕ್ರೇಟ್ (ಮರಿ ಮಲಗೋ ಪಂಜರ) ಒರೆಸಿ, ಒದ್ದೆ ಟವೆಲ್ಲನ್ನು ಬಕೆಟ್ಟಿಗೆ ಎಸೆದು ಕೂತಿದ್ದೀನಿ. ಇದಕ್ಕೆಲ್ಲ ಕಾರಣಳಾದವಳು ನನ್ನ ಪಾದದ ಮೇಲೆ ಗದ್ದ ಊರಿ ಗೊರಕೆ ಹೊಡೀತಿದ್ದಾಳೆ.

ಹೆಸರು ಗುಬ್ಬಿ. 10 ವಾರದ ಹೆಣ್ಣು ಮರಿ, ಮಿಶ್ರ ತಳಿ. ಹೆಸರಷ್ಟೇ ಗುಬ್ಬಿ, ಮೊನ್ನೆ ತೂಕ ಹಾಕಿಸಿದಾಗ 4.2 ಕೆಜಿ ಇದ್ದಳು. ಮನೆಗೆ ಬಂದು 12 ದಿನ ಆಯ್ತು.

ಮರಿ ಕೊಟ್ಟವರು ಹೇಳಿ ಕಳಿಸಿದ್ದು ಒಂದೇ ಮಾತು: ಸಂಜೆ ಏಳರ ಮೇಲೆ ನೀರು ತೋರಿಸಬೇಡಿ, ರಾತ್ರಿಯಿಡೀ ಒಣಗಿರ್ತಾಳೆ. ಅವರು ಹೇಳಿದ ಹಾಗೇ ಗಡಿಯಾರ ನೋಡಿ 7ಕ್ಕೆ ಬಟ್ಟಲು ಎತ್ತಿ ಫ್ರಿಜ್ ಮೇಲೆ ಇಡ್ತೀನಿ. ಅಲ್ಲಿಂದ ಶುರುವಾಗುತ್ತೆ ನೋಡಿ. ಮೊದಲು ಬಟ್ಟಲು ಇದ್ದ ಜಾಗ ನೆಕ್ಕೋದು. ಆಮೇಲೆ ಬಚ್ಚಲ ಬಾಗಿಲ ಹತ್ತಿರ ಕಾವಲು. ಯಾರಾದರೂ ಬಾಗಿಲು ತೆಗೆದರೆ ಕಾಲ ಸಂದಿಯಲ್ಲಿ ನುಗ್ಗಿ ನೆಲದ ಹನಿ ನೆಕ್ಕೋದು. ನಿನ್ನೆ ನೆಲ ಒರೆಸೋ ಬಕೆಟ್ಟಿಗೇ ಮೂತಿ ಇಟ್ಟಿದ್ದಳು, ಎಳೆದು ತೆಗೆದೆ. ಅದನ್ನು ನೋಡಿದ ಅಪ್ಪ, "ಕೂಸಿಗೆ ಗುಟುಕು ನೀರು ಕೊಡದೆ ಇದೇನು ಶಿಕ್ಷೆ" ಅಂತ ಮುಖ ಗಂಟು ಹಾಕ್ಕೊಂಡು ಒಳಗೆ ಹೋದರು.

ಇಷ್ಟೆಲ್ಲ ಪಾಪ ಕಟ್ಟಿಕೊಂಡರೂ ರಾತ್ರಿ ಒಣಗಿರೋದಿಲ್ಲ. 11ಕ್ಕೆ ಕ್ರೇಟಲ್ಲಿ ಮಲಗಿಸಿದರೆ 1:15ರ ಹೊತ್ತಿಗೆ ಒಂದು, ಮೂರರ ಸುಮಾರಿಗೆ ಇನ್ನೊಂದು, ಐದೂವರೆಗೆ ಮತ್ತೊಂದು. ಹನಿಯಲ್ಲ, ಕೆರೆ.

ಕೂಗಿದ ತಕ್ಷಣ ಎತ್ತಿಕೊಂಡು ಲಿಫ್ಟಲ್ಲಿ ಕೆಳಗೆ ಓಡ್ತೀನಿ. ಕೆಳಗೆ ಹೋದ ಮೇಲೆ ಅವಳಿಗೆ ಬಿದ್ದ ಎಲೆ ಬೇಕು, ಹುಳ ಬೇಕು, ನನ್ನ ಪೈಜಾಮದ ದಾರ ಬೇಕು. ಉಚ್ಚೆ ಒಂದು ಬಿಟ್ಟು ಎಲ್ಲ. ಹತ್ತು ನಿಮಿಷ ಕಾದು, ಬೇಜಾರಾಗಿ ಮೇಲೆ ಬಂದು, ನಾನು ಚಪ್ಪಲಿ ಬಿಡೋದರೊಳಗೆ ಕಾಲೊರಸಿನ ಮೇಲೆ ಕೂತು, ನನ್ನ ಮುಖವನ್ನೇ ನೋಡ್ತಾ, ನಿಧಾನವಾಗಿ ಮುಗಿಸ್ತಾಳೆ. ಅದೇ ಕಾಲೊರಸು ಇಲ್ಲಿವರೆಗೆ ಎಂಟು ಸಲ.

ಊಟ ದಿನಕ್ಕೆ ಮೂರು ಸಲ: 8ಕ್ಕೆ, 2ಕ್ಕೆ, ರಾತ್ರಿ 8:30ಕ್ಕೆ. ಹಾಲುಹಲ್ಲು ಅಂತ ಒಣ ಆಹಾರವನ್ನು ನೆನೆಸಿ ಕೊಡ್ತೀನಿ. ಕ್ರೇಟಲ್ಲಿ ಎರಡು ಟವೆಲ್ ಮಡಚಿ ಮೆತ್ತಗೆ ಹಾಸಿರ್ತೀನಿ, ಕ್ರೇಟ್ ನನ್ನ ಮಂಚದ ಪಕ್ಕದಲ್ಲೇ ಇದೆ. ಗದರಿದ್ದು ಒಂದೇ ಸಲ. ಅವತ್ತು ಅಪ್ಪ ರಾತ್ರಿ ಎದ್ದವರು ಹಾಲ್‌ನಲ್ಲಿ ಒದ್ದೆ ಮೇಲೆ ಕಾಲಿಟ್ಟು ಜಾರಿ, ಬಾಗಿಲ ಚೌಕಟ್ಟು ಹಿಡಿದು ಉಳಿದುಕೊಂಡರು. ಅವರಿಗೆ 74. ನನಗೆ ನಿದ್ದೆ ಹೋದರೆ ಹೋಗಲಿ, ಆ ಭಯ ಮಾತ್ರ ಬೇಡ.

ನೀರನ್ನು ಇನ್ನೂ ಬೇಗ ನಿಲ್ಲಿಸಬೇಕಾ, ಐದಕ್ಕೆ? ಅಥವಾ ಏನಾದರೂ ಕಾಯಿಲೆ ಇರಬಹುದಾ? ಡಯಾಪರ್ ಅಂತ ಯಾರೋ ಹೇಳಿದರು, ಹಾಕಿದೆ. ಆರು ನಿಮಿಷದಲ್ಲಿ ಅದರ ಹತ್ತಿ ಹಾಲ್ ತುಂಬಾ ಹಾರಾಡ್ತಿತ್ತು.

ಹಳೇ ಚಪ್ಪಲಿ:

ಐದಕ್ಕೆ ನಿಲ್ಲಿಸಿ. ಮೂವತ್ತು ವರ್ಷದಲ್ಲಿ ನಾಲ್ಕು ನಾಯಿ ಸಾಕಿದ್ದೀನಿ, ಒಂದಕ್ಕೂ ಕತ್ತಲಾದ ಮೇಲೆ ನೀರಿಟ್ಟಿಲ್ಲ. ಒಂದೂ ಮನೆಯೊಳಗೆ ಗಲೀಜು ಮಾಡಿಲ್ಲ. ಈಗಿನವರು ಮರಿಯನ್ನು ಮಗು ಥರ ನೋಡ್ತೀರಿ, ಅದಕ್ಕೇ ಮಗು ಥರ ಹಾಸಿಗೆ ಒದ್ದೆ ಮಾಡುತ್ತೆ.

ಕ್ಲಿನಿಕ್ ಮೂಲೆ:

ಐದಕ್ಕೆ ಖಂಡಿತ ಬೇಡ. ನಾನು ಡಾಕ್ಟರಲ್ಲ, ಪ್ರಾಣಿಗಳ ಕ್ಲಿನಿಕ್ಕಲ್ಲಿ ಮರಿ ಹಿಡಿದುಕೊಳ್ಳೋ ಕೆಲಸ ನನ್ನದು. ಹಿಡಿದುಕೊಂಡೇ ಕಿವಿ ತೆರೆದಿಟ್ಟಿರ್ತೀನಿ, ಹಾಗೆ ಕಲಿತದ್ದು ಇದು.

ಮಲಗೋದಕ್ಕೆ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ ಮುಂಚೆ ಬಟ್ಟಲು ಎತ್ತಿದರೆ ಆರೋಗ್ಯವಾಗಿರೋ ಮರಿಗೆ ತೊಂದರೆ ಇಲ್ಲ. ನೀವು ಎತ್ತುತ್ತಿರೋದು ನಾಲ್ಕು ಗಂಟೆ ಮುಂಚೆ. ನೀರಿಗೆ ಬರ ಬರುತ್ತೆ ಅಂತ ಮರಿಗೆ ಒಂದು ಸಲ ಗೊತ್ತಾದರೆ ಸಿಕ್ಕಾಗ ಸಿಕ್ಕಷ್ಟು ಗಟಗಟ ಕುಡಿದು ಇಟ್ಟುಕೊಳ್ಳುತ್ತೆ. ಬಕೆಟ್ಟಿಗೆ ಬಾಯಿ ಹಾಕಿದ್ದು ಅದಕ್ಕೇ. ಆ ಬಕೆಟ್ಟಲ್ಲಿ ಏನೇನು ಇರುತ್ತೆ ಅಂತ ಯೋಚಿಸಿ, ಬಟ್ಟಲ ನೀರೇ ವಾಸಿ. ಸೆಕೆ ಇದ್ದ ದಿನ, ಭೇದಿ ಅಥವಾ ವಾಂತಿ ಆದ ದಿನ ಬಟ್ಟಲು ಎತ್ತೋ ಮಾತೇ ಇಲ್ಲ, ರಾತ್ರಿಯೂ ಇರಲಿ. ಇಷ್ಟು ಸಣ್ಣ ಮೈಯಲ್ಲಿ ನೀರು ಬಹಳ ಬೇಗ ಇಳಿದುಹೋಗುತ್ತೆ.

ಎಷ್ಟು ಕುಡೀತಾಳೆ ಅಂತ ಅಳೆದಿದ್ದೀರಾ? ಅಡುಗೆ ತಕ್ಕಡಿ ಇದ್ದರೆ ಸಾಕು. ಬಟ್ಟಲನ್ನು ತುಂಬಿಸಿ ತೂಗಿ, ಸಂಜೆ ಮತ್ತೆ ತೂಗಿ. ಒಂದು ಗ್ರಾಂ ಅಂದರೆ ಒಂದು ಮಿಲಿ. ಅಡಿಯಲ್ಲಿ ತಟ್ಟೆ ಇಟ್ಟು, ಚೆಲ್ಲಿದ್ದನ್ನು ಕಳೀರಿ. ಬೆಳೆದ ನಾಯಿಗೆ ದಿನಕ್ಕೆ ಕೆಜಿಗೆ 50–60 ಮಿಲಿ ಸಾಮಾನ್ಯ, ಮರಿಗಳಿಗೆ ಅದಕ್ಕಿಂತ ಜಾಸ್ತಿ ಬೇಕು, 100ರ ಆಸುಪಾಸು ಬಂದರೂ ಗಾಬರಿ ಇಲ್ಲ. ಅದನ್ನು ಚೆನ್ನಾಗಿ ಮೀರಿ ದಿನಾ ಕುಡೀತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇನ್ನು ನನ್ನ ಪ್ರಶ್ನೆಗಳು. ಹಗಲಲ್ಲಿ ಐದೈದು ನಿಮಿಷಕ್ಕೆ ಕೂತು ಎರಡೇ ಹನಿ ಬಿಡ್ತಾಳಾ, ತಿಣುಕುತ್ತಾಳಾ, ಅಲ್ಲಿ ಪದೇಪದೇ ನೆಕ್ಕೊಳ್ತಾಳಾ, ಬಣ್ಣ ಕೆಂಪಗಿದೆಯಾ? ಇದ್ದರೆ ಮೂತ್ರದ ಸೋಂಕು ಇರಬಹುದು, ಹೆಣ್ಣು ಮರಿಗಳಲ್ಲಿ ಇದು ಅಪರೂಪವೇನಲ್ಲ. ರಾತ್ರಿ ಎದ್ದು ಕೂತು ಮಾಡ್ತಾಳಾ, ಇಲ್ಲ ಗಾಢ ನಿದ್ದೆಯಲ್ಲಿ ಅವಳಿಗೇ ಗೊತ್ತಿಲ್ಲದೆ ಸೋರುತ್ತಾ? ಹಿಂಗಾಲಿನ ಸಂದಿ ಹಗಲಲ್ಲೂ ಯಾವಾಗಲೂ ಒದ್ದೆ ಇದ್ದರೆ ಅದು ತರಬೇತಿ ವಿಷಯವಲ್ಲ. ಹುಟ್ಟುತ್ತಲೇ ಮೂತ್ರನಾಳ ಸೇರಬೇಕಾದ ಕಡೆ ಸೇರದೆ ಇರೋ ಮರಿಗಳಿರ್ತಾವೆ, ಅವು ಹೀಗೇ ಸೋರ್ತಾವೆ. ತುರಿಕೆಗೆ ಅಂತ ಸ್ಟೆರಾಯ್ಡ್ ಏನಾದರೂ ಕೊಡ್ತಿದ್ದೀರಾ? ಪ್ರೆಡ್ನಿಸೋಲೋನ್ ಥರದ್ದು ಬಾಯಾರಿಕೆಯನ್ನೂ ಉಚ್ಚೆಯನ್ನೂ ಒಟ್ಟಿಗೇ ಹೆಚ್ಚಿಸುತ್ತೆ.

ಪರೀಕ್ಷೆಗೆ ಮಾದರಿ ಬೇಕಾದರೆ ಬೆಳಗಿನ ಮೊದಲನೆಯದನ್ನು ಹಿಡೀರಿ. ಉದ್ದ ಹಿಡಿಯ ಸೌಟು ಹಿಂದಿನಿಂದ ಮೆಲ್ಲಗೆ ತಳ್ಳಿದರೆ ಸಿಗುತ್ತೆ. ಆ ಸೌಟು ಮತ್ತೆ ಅಡುಗೆಮನೆಗೆ ಹೋಗೋದು ಬೇಡ.

ಎರಡು ಬಾಲ:

ಕಾಲೊರಸು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯ್ತು. ಎರಡು ವಿಷಯ ಕೇಳ್ತೀನಿ, ಆಮೇಲೆ ಮಾತಾಡೋಣ.

ಒಂದು, ಹುಟ್ಟಿದ ಮನೆಯಲ್ಲಿ ಮರಿಗಳನ್ನು ಯಾವುದರ ಮೇಲೆ ಇಟ್ಟಿದ್ದರು? ಮಣ್ಣು, ಸಿಮೆಂಟು, ಪೇಪರು, ಬಟ್ಟೆ? ಎರಡು, 7ಕ್ಕೆ ಬಟ್ಟಲು ಎತ್ತಿ 8:30ಕ್ಕೆ "ನೆನೆಸಿ" ಕೊಡ್ತೀನಿ ಅಂದಿರಲ್ಲ, ಆ ನೆನೆಸಿದ್ದರಲ್ಲಿ ನೀರೆಷ್ಟು?

ಮೂರನೇ ಮಹಡಿ:

ಕ್ಲಿನಿಕ್ ಮೂಲೆಯವರಿಗೆ ಮೊದಲು. ಔಷಧಿ ಏನೂ ಇಲ್ಲ. ಹಗಲಲ್ಲಿ ತಿಣುಕೋದಿಲ್ಲ, ಬಣ್ಣ ತಿಳಿ ಹಳದಿ. ನಿನ್ನೆ ರಾತ್ರಿ ಮೊಬೈಲ್ ಬೆಳಕಲ್ಲಿ ಕಾದು ಕೂತು ನೋಡಿದೆ. ನಿದ್ದೆಯಲ್ಲಿ ಸೋರೋದಲ್ಲ. ಎದ್ದಳು, ಎರಡು ಸುತ್ತು ಹಾಕಿದಳು, ಟವೆಲ್ಲನ್ನು ಮುಂಗಾಲಿಂದ ಕೆರೆದು ಗುಡ್ಡೆ ಮಾಡಿದಳು, ಗುಡ್ಡೆ ಮೇಲೆ ಕೂತಳು. ಮುಗಿಸಿ, ಆ ಗುಡ್ಡೆಯನ್ನು ಮೂಗಿಂದ ಮೂಲೆಗೆ ತಳ್ಳಿ, ಬರೀ ಪ್ಲಾಸ್ಟಿಕ್ ತಳದ ಮೇಲೆ ಮಲಗಿದಳು. ಅಷ್ಟು ಅಚ್ಚುಕಟ್ಟು! ಕೂಗಿದ್ದು ಆಮೇಲೆ. ಅಂದರೆ ಇಷ್ಟು ದಿನ ನಾನು ಓಡಿದ್ದೆಲ್ಲ ಮುಗಿದ ಮೇಲೆ. ಕೆಳಗೆ ಹೋಗಿ ಯಾಕೆ ಏನೂ ಮಾಡಲ್ಲ ಅಂತ ಈಗ ಅರ್ಥ ಆಯ್ತು, ಒಳಗೆ ಹೆಚ್ಚೇನೂ ಉಳಿದಿರಲಿಲ್ಲ.

ತೂಕದ ಲೆಕ್ಕ ಮಾಡಿದೆ. ಬಟ್ಟಲಿಂದ ದಿನಕ್ಕೆ 140 ಮಿಲಿ, ತಟ್ಟೆಗೆ ಚೆಲ್ಲಿದ್ದು ಕಳೆದು. ಇಷ್ಟೇನಾ ಅನ್ನಿಸಿತು. ಆಮೇಲೆ ಎರಡು ಬಾಲದವರ ಪ್ರಶ್ನೆ ನೋಡಿ ನೆನೆಸೋ ನೀರನ್ನೂ ಅಳೆದೆ. ಬೆಳಿಗ್ಗೆ 70, ಮಧ್ಯಾಹ್ನ 70. ರಾತ್ರಿಗೆ... ಇದನ್ನು ಹೇಳೋಕೆ ನಾಚಿಕೆ ಆಗ್ತಿದೆ. ರಾತ್ರಿಗೆ 130. ಏಳರಿಂದ ನೀರಿಲ್ಲ ಪಾಪ ಅಂತ ಕೈ ತಾನಾಗೇ ಜಾಸ್ತಿ ಸುರೀತಿತ್ತು.

ಒಟ್ಟು 410. ಅದರಲ್ಲಿ ಮೂರನೇ ಒಂದು ಭಾಗದಷ್ಟು, ಮಲಗೋಕೆ ಎರಡೂವರೆ ಗಂಟೆ ಮುಂಚೆ, ನನ್ನ ಕೈಯಿಂದಲೇ. ಬಟ್ಟಲು ಮಾತ್ರ ಫ್ರಿಜ್ ಮೇಲೆ. ಅಪ್ಪನಿಗೆ ಹೇಳಿದೆ, ಅವರು ನಕ್ಕಿದ್ದನ್ನು ನೋಡಿ ಬಹಳ ದಿನ ಆಗಿತ್ತು.

ಹುಟ್ಟಿದ ಮನೆಗೆ ಫೋನ್ ಮಾಡಿದೆ. ಒಂದು ಕೋಣೆ, ನೆಲದ ತುಂಬಾ ಹಳೇ ಬೆಡ್‌ಶೀಟು, ಒದ್ದೆ ಆದಾಗ ಬದಲಾಯಿಸ್ತಿದ್ದರಂತೆ. ಎಂಟು ವಾರದವರೆಗೂ ಅಲ್ಲೇ. ಹೊರಗೆ ಬಿಟ್ಟೇ ಇಲ್ಲ.

ಎರಡು ಬಾಲ:

ಅಲ್ಲಿಗೆ ಮುಗೀತು. ಗುಬ್ಬಿಯ ಪ್ರಕಾರ ಅವಳು ಒಂದು ತಪ್ಪೂ ಮಾಡಿಲ್ಲ.

ಮೂರು ವಾರ ತುಂಬಿ ಕಾಲು ಗಟ್ಟಿಯಾಗ್ತಿದ್ದ ಹಾಗೆ ಮರಿ ಮಲಗೋ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ ಮಾಡೋಕೆ ಶುರು ಮಾಡುತ್ತೆ. ಎಂಟು ಒಂಬತ್ತು ವಾರದ ಹೊತ್ತಿಗೆ "ಪಾದಕ್ಕೆ ಹೀಗೆ ತಗುಲಿದರೆ ಇದು ಕಕ್ಕಸು" ಅನ್ನೋದು ಮನಸ್ಸಲ್ಲಿ ಕೂತಿರುತ್ತೆ. ಹುಲ್ಲಲ್ಲಿ ಬೆಳೆದದ್ದಕ್ಕೆ ಹುಲ್ಲು, ಪೇಪರಲ್ಲಿ ಬೆಳೆದದ್ದಕ್ಕೆ ಪೇಪರು. ಇವಳಿಗೆ ಬಟ್ಟೆ. ನೀವು ಪ್ರೀತಿಯಿಂದ ಎರಡು ಟವೆಲ್ ಮಡಚಿ ಮೆತ್ತಗೆ ಹಾಸಿದ್ದು ಅವಳ ಕಣ್ಣಿಗೆ ಹಾಸಿಗೆಯಲ್ಲ, ಕಕ್ಕಸಿನ ಕೋಣೆಗೆ ಮಂಚ ಹಾಕಿದ ಹಾಗೆ. ಕೆಳಗೆ ಮಣ್ಣಲ್ಲಿ ತಡೆದುಕೊಂಡು, ಮೇಲೆ ಬಂದು ಕಾಲೊರಸು ಸಿಕ್ಕಿದ ಕೂಡಲೇ "ಅಬ್ಬಾ, ಸಿಕ್ತು" ಅಂತ ಕೂರ್ತಾಳೆ. ಅವಳು ನಿಮ್ಮ ಮುಖ ನೋಡ್ತಿದ್ದದ್ದು ಸೊಕ್ಕಿಂದಲ್ಲ, ಶಭಾಷ್ ಅಂತೀರೇನೋ ಅಂತ.

ನನ್ನ ಎರಡನೆಯವನು ಹೀಗೇ ಇದ್ದ. ಅವನಿಗೆ ಸೋಫಾ ಮೇಲಿನ ಹೊದಿಕೆ. ಮೂರು ವಾರ ನಾನೂ ನೀರಿನ ಜೊತೆ ಜಗಳ ಆಡಿದ್ದೇ ಆಡಿದ್ದು.

ನಾನಾಗಿದ್ದರೆ ಮೊದಲು ಕ್ರೇಟಿಂದ ಬಟ್ಟೆ ಪೂರ್ತಿ ತೆಗೀತಿದ್ದೆ. ತೊಳೆಯೋಕೆ ಬರೋ ರಬ್ಬರ್ ಮ್ಯಾಟು, ನೀರು ಹೀರದಂಥದ್ದು, ಅಷ್ಟೇ. ಛಳಿ ಆಗುತ್ತೆ ಅನ್ನಿಸಿದರೆ ಕ್ರೇಟಿನ ಮೇಲೆ, ಹೊರಗಡೆ, ಮೂರು ಬದಿಗೆ ಹೊದಿಸಿ. ಕ್ರೇಟ್ ಎಷ್ಟು ದೊಡ್ಡದು? ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಆದರೆ ಸಾಕು. ಅದಕ್ಕಿಂತ ದೊಡ್ಡದಿದ್ದರೆ ಅಡ್ಡ ಹಲಗೆ ಹಾಕಿ. ಗುಡ್ಡೆ ತಳ್ಳೋಕೆ ಮೂಲೆ ಸಿಕ್ಕಿದೆ ಅಂದರೆ ಜಾಗ ಹೆಚ್ಚೇ ಇದೆ. ಮನೆಯ ಕಾಲೊರಸು, ಬಚ್ಚಲ ಮ್ಯಾಟು ಎಲ್ಲಾ ಒಂದು ತಿಂಗಳು ಅಟ್ಟಕ್ಕೆ. ಅಪ್ಪನವರು ಜಾರದ ಹಾಗೆ ಬಚ್ಚಲಲ್ಲಿ ರಬ್ಬರಿನದು ಹಾಕಿ, ಹಾಲ್‌ನಲ್ಲಿ ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

ಊಟ 6:30ಕ್ಕೆ ತನ್ನಿ, ನೆನೆಸೋಕೆ 50 ಮಿಲಿಗಿಂತ ಬೇಡ. ಕಡಿಮೆಯಾದ ನೀರನ್ನು ಹಗಲಿಗೆ ಸೇರಿಸಿ, ಬಟ್ಟಲು ಬೆಳಗಿಂದ 9ರವರೆಗೆ ನೆಲದ ಮೇಲೇ ಇರಲಿ. 9ರಿಂದ 11ರೊಳಗೆ ಬಾಯಾರಿ ಹುಡುಕಿದರೆ ಎರಡು ಗುಟುಕು ಕೊಡಿ, ಪ್ರಳಯ ಆಗಲ್ಲ. ಆದರೆ ಒಂಬತ್ತರ ಮೇಲೆ ಓಡಾಟದ ಆಟ ಬೇಡ. ಕುಣಿದರೆ ಕುಡೀತಾಳೆ, ಕುಡಿದರೆ ಗೊತ್ತಲ್ಲ.

ಈಗ ಅಲಾರಂ. ಹಗಲಿಗೆ ಒಂದು ಒರಟು ಲೆಕ್ಕ ಇದೆ: ಎಷ್ಟು ತಿಂಗಳ ಮರಿಯೋ ಅಷ್ಟಕ್ಕೆ ಒಂದು ಕೂಡಿಸಿದಷ್ಟು ಗಂಟೆ ತಡೆದುಕೊಳ್ಳುತ್ತೆ, ಅದೇ ಮಿತಿ. ಇವಳಿಗೆ ಎರಡೂವರೆ ತಿಂಗಳು ಅಂದರೆ ಮೂರೂವರೆ ಗಂಟೆ, ಅದೂ ಒಳ್ಳೇ ದಿನ. ನಿದ್ದೆಯಲ್ಲಿ ಇನ್ನೂ ಸ್ವಲ್ಪ ಎಳೀಬಹುದು, ಆದರೆ ಅದನ್ನು ನಂಬಿ ಮಲಗಬೇಡಿ. ಈಗ 1:15ಕ್ಕೆ ಒದ್ದೆ ಆಗ್ತಿದೆ ತಾನೇ? ಅಲಾರಂ 12:50ಕ್ಕೆ ಇಡಿ. ಅವಳು ಕೂಗೋದಕ್ಕೆ ಮುಂಚೆ ನೀವು ಏಳಬೇಕು, ಗುಟ್ಟು ಇಷ್ಟೇ. ಕೂಗಿದ ಮೇಲೆ ಎದ್ದರೆ ಕೂಗು ಅಂತ ಕಲಿಸಿದ ಹಾಗೆ, ಒದ್ದೆಯಾದ ಮೇಲೆ ಎದ್ದರೆ ಏನೂ ಕಲಿಸಿದ ಹಾಗಿಲ್ಲ. ಎರಡನೇ ಅಲಾರಂ 3:45ಕ್ಕೆ. ಮೂರು ರಾತ್ರಿ ಸತತ ಒಣಗಿದ್ದರೆ ಮೊದಲನೆಯದನ್ನು ಕಾಲು ಗಂಟೆ ಮುಂದಕ್ಕೆ ತಳ್ಳಿ, ಮತ್ತೆ ಮೂರು ರಾತ್ರಿ, ಮತ್ತೆ ಕಾಲು ಗಂಟೆ. ನಿಧಾನಕ್ಕೆ ಎರಡೂ ಅಲಾರಂ ಹತ್ತಿರ ಬಂದು ಒಂದೇ ಆಗುತ್ತೆ.

ಲಿಫ್ಟ್ ಪ್ರಯಾಣ ನಿಲ್ಲಿಸಿ. ಅರ್ಧರಾತ್ರಿ ಮೂರು ಮಹಡಿ ಇಳಿಯೋದರೊಳಗೆ ಅವಳಿಗೆ ಪೂರ್ತಿ ಎಚ್ಚರ ಆಗುತ್ತೆ, ಆಮೇಲೆ ಆಟವೇ. ಅಲ್ಲದೆ ಲಸಿಕೆ ಮುಗಿದಿರಲ್ಲ. ಮರಿಗಳಿಗೆ ಮಾರಕ ವಾಂತಿ-ಭೇದಿ ತರೋ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದು ಕೂತಿರುತ್ತೆ, ಕೆಳಗೆ ಯಾವ ಯಾವ ನಾಯಿ ಓಡಾಡಿದೆಯೋ ನಿಮಗೆ ಗೊತ್ತಿಲ್ಲ. ಬಾಲ್ಕನಿ ಇದ್ದರೆ ಅಗಲವಾದ ತಟ್ಟೆಯಲ್ಲಿ ಮಣ್ಣು ತುಂಬಿ ಬೇರು ಸಮೇತ ಹುಲ್ಲು ಕೂರಿಸಿ. ಹುಲ್ಲೇ ಯಾಕೆ ಅಂದರೆ ನಾಳೆ ಹೊರಗೂ ಅದೇ ಸಿಗುತ್ತೆ. ಮರಿ ಉಚ್ಚೆ ಮಾಡಲಿ ಅಂತ ಹಾಸೋ ಅಂಗಡಿಯ ಟ್ರೈನಿಂಗ್ ಪ್ಯಾಡ್ ಇವಳಿಗೆ ಮಾತ್ರ ಬೇಡ, ಪಾದಕ್ಕೆ ಅದೂ ಬಟ್ಟೆಯೇ. ಮೊದಲ ದಿನ ಒದ್ದೆ ಟವೆಲ್ಲಿನ ಒಂದು ತುಂಡು ಕತ್ತರಿಸಿ ಹುಲ್ಲಿನ ಮೇಲೆ ಇಡಿ, ವಾಸನೆ ದಾರಿ ತೋರಿಸುತ್ತೆ. ಎರಡು ದಿನಕ್ಕೊಮ್ಮೆ ತುಂಡನ್ನು ಸಣ್ಣದು ಮಾಡ್ತಾ ಹೋಗಿ.

ರಾತ್ರಿ ನೀವು ಗೊಂಬೆ ಥರ ಇರಬೇಕು. ದೊಡ್ಡ ದೀಪ ಇಲ್ಲ, ಮುದ್ದು ಇಲ್ಲ, ಕಥೆ ಇಲ್ಲ. ಎತ್ತಿ, ಲೀಷ್ ಸಿಕ್ಕಿಸಿ, ತಟ್ಟೆ ಮೇಲೆ ಬಿಟ್ಟು, ಒಂದೇ ಪದ ಒಂದೇ ಸಲ ಹೇಳಿ ಸುಮ್ಮನೆ ನಿಲ್ಲಿ. ನಮ್ಮ ಮನೆಯಲ್ಲಿ ಆ ಪದ "ಮುಗಿಸು". ಮುಗಿಸಿದ ಮೇಲೆ ಅಲ್ಲೇ, ಆ ಕ್ಷಣದಲ್ಲೇ, ಒಂದು ಚೂರು ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಅಂದುಕೊಳ್ತಾಳೆ. ಐದು ನಿಮಿಷ ಕಾದರೂ ಮಾಡದಿದ್ದರೆ ವಾಪಸ್ ಕ್ರೇಟ್, ಹತ್ತು ನಿಮಿಷ ಬಿಟ್ಟು ಮತ್ತೆ ತಟ್ಟೆ. ನಡುವೆ ಹಾಲ್‌ನಲ್ಲಿ ಬಿಡೋ ಹಾಗಿಲ್ಲ.

ಒಂದು ಸಲ ಗದರಿದ್ದು ಹೋಗಲಿ ಬಿಡಿ. ಅದೇ ಅಭ್ಯಾಸ ಆದರೆ ಮರಿ ಕಲಿಯೋದು "ಒಳಗೆ ಮಾಡಬಾರದು" ಅಂತಲ್ಲ, "ಇವರ ಕಣ್ಣೆದುರು ಮಾಡಬಾರದು" ಅಂತ. ಆಮೇಲೆ ಸೋಫಾ ಹಿಂದೆ ಹುಡುಕ್ತಿರಬೇಕು. ಹೊರಗೂ ನಿಮ್ಮೆದುರು ಮಾಡಲ್ಲ, ಅದು ಇನ್ನೂ ದೊಡ್ಡ ತಲೆನೋವು.

ಕ್ಲಿನಿಕ್ ಮೂಲೆ:

410 ಮಿಲಿ, 4.2 ಕೆಜಿ. ಕೆಜಿಗೆ 98. ಎದ್ದು ಗುಡ್ಡೆ ಮಾಡಿ ಕೂರ್ತಾಳೆ ಅಂದರೆ ತಡೆಯೋ ಶಕ್ತಿಯೂ ಇದೆ, ಜಾಗದ ಲೆಕ್ಕವೂ ಇದೆ. ಮುಂದಿನ ಲಸಿಕೆಗೆ ಹೋದಾಗ ಈ ಅಂಕಿ ಬರೆದುಕೊಂಡು ಹೋಗಿ ತೋರಿಸಿ, ಸಾಕು. ಲಸಿಕೆಯ ಕೊನೇ ಸುತ್ತು 16 ವಾರ ಅಥವಾ ಅದರಾಚೆಗೆ ಬರುತ್ತೆ, ಅಲ್ಲಿವರೆಗೆ ಬಾಲ್ಕನಿ ಒಳ್ಳೇ ಉಪಾಯ. ಹೊರಗೆ ಎತ್ತಿಕೊಂಡು ಸುತ್ತಾಡಿಸೋದನ್ನು ಮಾತ್ರ ಬಿಡಬೇಡಿ, ಗಾಡಿ ಸದ್ದು, ಜನ ಎಲ್ಲ ಈಗಲೇ ಪರಿಚಯ ಆಗಬೇಕು.

ಒರೆಸೋ ವಿಷಯ ಯಾರೂ ಹೇಳಲಿಲ್ಲ. ಅಮೋನಿಯಾ ಇರೋ ಕ್ಲೀನರ್ ಬೇಡ, ಮೂತ್ರದ ವಾಸನೆಗೆ ಹತ್ತಿರದ್ದು ಅದು, ಮತ್ತೆ ಅಲ್ಲಿಗೇ ಕರೆಯುತ್ತೆ. ಸುಗಂಧ ಹಾಕಿದ್ದು ನಮ್ಮ ಮೂಗಿಗಷ್ಟೇ ಮೋಸ ಮಾಡುತ್ತೆ. ಎಂಜೈಮ್ (ಕಲೆಯನ್ನೇ ಒಡೆದು ಕರಗಿಸೋ ಪದಾರ್ಥ) ಇರೋದನ್ನು ತಂದು, ಸುರಿದು, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಹಾಗೇ ಒದ್ದೆ ಬಿಡಿ. ಸುರಿದ ಕೂಡಲೇ ಒರೆಸಿದರೆ ದಂಡ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಸಿಕ್ಕರೆ ದೀಪ ಆರಿಸಿ ಹಾಲ್‌ನ ನೆಲ, ಗೋಡೆ ಬುಡ ನೋಡಿ. ಹಳೇ ಕಲೆಗಳು ಹೊಳೀತಾವೆ. ನೋಡೋ ಮುಂಚೆ ಕೂತುಕೊಳ್ಳಿ.

ಹಳೇ ಚಪ್ಪಲಿ:

ಇದನ್ನೆಲ್ಲ ಓದಿ ಎರಡು ದಿನ ಸುಮ್ಮನಿದ್ದೆ. ಒಂದು ಮಾತು ಹೇಳಬೇಕು. ನನ್ನ ನಾಲ್ಕೂ ನಾಯಿ ಮಲಗ್ತಿದ್ದದ್ದು ಅಂಗಳದಲ್ಲಿ, ಮಣ್ಣಿನ ಮೇಲೆ. ರಾತ್ರಿ ಎಷ್ಟು ಸಲ ಎದ್ದು ಹೋಗ್ತಿದ್ದವೋ ಲೆಕ್ಕ ಇಟ್ಟವರು ಯಾರು? ಹಿತ್ತಲಲ್ಲಿ ತೊಟ್ಟಿಯೂ ಇತ್ತು. ನಾನು ಬಟ್ಟಲು ಎತ್ತಿಟ್ಟು ಬೀಗ್ತಿದ್ದೆ, ಅವು ತೊಟ್ಟಿಯಲ್ಲಿ ಕುಡೀತಿದ್ದವು ಅಂತ ಕಾಣುತ್ತೆ.

ಆದರೂ ಮರಿಯನ್ನು ಮಗು ಥರ ನೋಡಬೇಡಿ ಅನ್ನೋದನ್ನು ವಾಪಸ್ ತಗೊಳ್ಳಲ್ಲ.

ಮೂರನೇ ಮಹಡಿ:

ಒಂಬತ್ತು ರಾತ್ರಿ ಆಯ್ತು, ಹೇಳ್ತೀನಿ.

ಮೊದಲನೇ ರಾತ್ರಿ ರಬ್ಬರ್ ಮ್ಯಾಟ್ ನೋಡಿ ಅವಳು ಮಾಡಿದ ಗಲಾಟೆ ಹೇಳತೀರದು. ಕೆರೆದಳು, ಕಚ್ಚಿದಳು, ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟಳು (ನಾಯಿಗೆ ನಿಟ್ಟುಸಿರು ಬಿಡೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ). ನನ್ನ ಕೈ ಟವೆಲ್ ಕಡೆ ಹೋಗಿಯೇ ಬಿಟ್ಟಿತ್ತು. ಅಪ್ಪ ಕ್ರೇಟಿನ ಮೇಲೆ ತಮ್ಮ ಶಾಲು ಹೊದಿಸಿದರು, ಒಳಗೆ ಕತ್ತಲಾಯ್ತು, ಮಲಗಿದಳು. ಅಡ್ಡ ಹಲಗೆಯೂ ಹಾಕಿದೆ. 12:50ಕ್ಕೆ ಅಲಾರಂ. ನಿದ್ದೆಗಣ್ಣಲ್ಲಿ ಅವಳನ್ನು ಎತ್ತಿದರೆ ಬೆಚ್ಚಗಿನ, ಒದ್ದೆ ಇಲ್ಲದ ಹೊಟ್ಟೆ. ಒಂಬತ್ತು ದಿನ ಆದರೂ ಆ ಒಣ ಹೊಟ್ಟೆ ಕೈಗೆ ತಗುಲಿದ್ದು ಮರೆತಿಲ್ಲ.

ತಟ್ಟೆ ಮೇಲೆ ಬಿಟ್ಟೆ. ಹುಲ್ಲು ತಿಂದಳು. ವಾಪಸ್ ಕ್ರೇಟ್, ಹತ್ತು ನಿಮಿಷ, ಮತ್ತೆ ತಟ್ಟೆ. ಮಣ್ಣು ಅಗೆದಳು. ಮೂರನೇ ಸಲ ಟವೆಲ್ ತುಂಡನ್ನು ಮೂಸಿ, ನಾಲ್ಕು ಕಾಲನ್ನೂ ಅಂಗೈಯಷ್ಟಗಲದ ಆ ತುಂಡಿನ ಮೇಲೇ ಹೇಗೋ ಜೋಡಿಸಿ, ಸರ್ಕಸ್ಸಿನ ಆನೆ ಥರ ನಿಂತು, ಕೂತಳು. "ಮುಗಿಸು" ಅಂತ ಹೇಳೋಕೆ ಮರೆತೆ. ತಿಂಡಿ ಕೊಟ್ಟೆ.

ಎರಡನೇ, ಮೂರನೇ ರಾತ್ರಿ ಒಣ. ನಾಲ್ಕನೇ ರಾತ್ರಿ ಒದ್ದೆ, ಅದು ನನ್ನ ತಪ್ಪು, 3:45ರ ಅಲಾರಂ ಆರಿಸಿ ಮಲಗಿಬಿಟ್ಟೆ. ಐದರಿಂದ ಇವತ್ತಿನವರೆಗೆ ಒಣ. ನಿನ್ನೆಯಿಂದ ಮೊದಲ ಅಲಾರಂ 1:05ಕ್ಕೆ. ಟವೆಲ್ ತುಂಡು ಈಗ ಅಂಚೆಚೀಟಿಯಷ್ಟಾಗಿದೆ. ಅದನ್ನು ಅವಳು ತುಳಿಯೋದೂ ಇಲ್ಲ, ಮೂಸಿ ಪಕ್ಕಕ್ಕೆ ಹೋಗಿ ಹುಲ್ಲಿನ ಮೇಲೇ ಮಾಡ್ತಾಳೆ.

ನೀರು ಈಗ ಒಂಬತ್ತರವರೆಗೆ ಇರುತ್ತೆ. ಮೊದಲೆರಡು ದಿನ ಬಟ್ಟಲ ಮುಂದೆ ನಿಂತು ಖಾಲಿ ಮಾಡೋ ಹಾಗೆ ಕುಡಿದಳು, ಹೆದರಿದೆ. ಮೂರನೇ ದಿನದಿಂದ ಬಂದು ಎರಡು ನೆಕ್ಕು, ಹೋಗೋದು. ಬಚ್ಚಲ ಬಾಗಿಲಿನ ಕಾವಲು ಈಗ ಇಲ್ಲ.

ಯುವಿ ಟಾರ್ಚ್ ಹಿಡಿದೆ. ಕೂತುಕೊಳ್ಳಿ ಅಂದಿರಲ್ಲ, ಕೂರೋಕೆ ಹೋದ ಕುರ್ಚಿಯ ಕಾಲೂ ಹೊಳೀತಿತ್ತು.

ಐದೂವರೆ ಪಾಳಿಯನ್ನು ಅಪ್ಪ ತಾವೇ ವಹಿಸಿಕೊಂಡಿದ್ದಾರೆ, ಹೇಗೂ ಆ ಹೊತ್ತಿಗೆ ಎದ್ದಿರ್ತಾರೆ. ನಾನು ಹೇಳಿಕೊಟ್ಟ ಹಾಗೆ ಗೊಂಬೆ ಥರ ನಿಲ್ಲೋದು ಅವರ ಕೈಲಾಗಲ್ಲ. ಬಾಲ್ಕನಿಯಿಂದ "ಮುಗಿಸಮ್ಮ, ಮುಗಿಸು, ನನಗೂ ವಯಸ್ಸಾಯ್ತು" ಅಂತ ಕೇಳುತ್ತೆ. ಅವಳು ಮುಗಿಸ್ತಾಳೆ ಕೂಡ.

ಈಗ ಹೊಸ ತಕರಾರು. ಮೊನ್ನೆಯಿಂದ ಹಗಲಲ್ಲಿ ತಟ್ಟೆಗೆ ಹೋಗಿ, ಕೂತು, ಎರಡೇ ಹನಿ ಬಿಟ್ಟು, ಎದ್ದು ನನ್ನ ಜೇಬು ನೋಡ್ತಾಳೆ. ತಿಂಡಿ ಕೊಟ್ಟರೆ ಒಂದು ಸುತ್ತು ಹಾಕಿ ಮತ್ತೆ ಎರಡು ಹನಿ, ಮತ್ತೆ ಜೇಬು. ನಿನ್ನೆ ಕಾಲು ಗಂಟೆಯಲ್ಲಿ ಐದು ಸಲ. ಕ್ಲಿನಿಕ್ ಮೂಲೆಯವರು ಹೇಳಿದ "ಪದೇಪದೇ ಎರಡು ಹನಿ" ಇದೇನಾ ಅಂತ ಭಯ ಆಗಿ ಬರೀತಿದ್ದೀನಿ.

ಕ್ಲಿನಿಕ್ ಮೂಲೆ:

ಜೇಬು ಖಾಲಿ ಇದ್ದಾಗಲೂ ಹಾಗೇ ಮಾಡ್ತಾಳಾ? ರಾತ್ರಿ ತಟ್ಟೆ ಮೇಲೆ ಕೆರೆ ಬರ್ತಿದೆ ತಾನೇ? ಒಂದು ಮಧ್ಯಾಹ್ನ ತಿಂಡಿ ಡಬ್ಬಿ ಕಣ್ಣಿಗೆ ಬೀಳದ ಕಡೆ ಇಟ್ಟು ನೋಡಿ. ಆಗಲೂ ಎರಡೆರಡು ಹನಿ ಅಂದರೆ ಸೌಟು ಹಿಡೀರಿ, ಮಾದರಿ ತನ್ನಿ.

ಮೂರನೇ ಮಹಡಿ:

ಡಬ್ಬಿ ಅಟ್ಟದ ಮೇಲಿಟ್ಟೆ. ಬೆಳಿಗ್ಗೆಯಿಂದ ನಾಲ್ಕೇ ಸಲ ಹೋಗಿದ್ದಾಳೆ, ನಾಲ್ಕೂ ಸಲ ಪೂರ್ತಿ. ಈಗ ಅಟ್ಟದ ಕೆಳಗೆ ಕೂತು ಮೇಲೆ ನೋಡ್ತಿದ್ದಾಳೆ.

ಎರಡು ಬಾಲ:

ಕೊನೇ ಹನಿ ಬಿದ್ದು, ಅವಳು ನಾಲ್ಕು ಹೆಜ್ಜೆ ನಡೆದ ಮೇಲೆ ಕೊಡಿ. ನನ್ನವನು ಈ ವ್ಯಾಪಾರವನ್ನು ಎರಡು ವರ್ಷ ನಡೆಸಿದ.